ಪಶ್ಚಿಮ ತಾಲ್ಲೂಕುಗಳ ಬಯಲು ಪಾಠ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಬಳ್ಳಾರಿಯ ಕಚೇರಿಗಳಲ್ಲಿ ಬಹುಕಾಲ ‘ಪಶ್ಚಿಮ ತಾಲ್ಲೂಕುಗಳು’ ಎಂದೇ ಹೆಸರಾಗಿದ್ದ ಈ ಭಾಗ ಆಡಳಿತದ ಕೈ ಬದಲಿಸಿದಷ್ಟು ಸಲ ಮಳೆಯನ್ನೂ ಕಂಡಿಲ್ಲವೆಂದು ಹಿರಿಯರು ನಗೆಯಾಡುವುದುಂಟು. 1953ರ ಅಕ್ಟೋಬರ್ 1ರವರೆಗೆ ಮದ್ರಾಸು, ಆಮೇಲೆ ಮೈಸೂರು ರಾಜ್ಯ, 2021ರಿಂದ ವಿಜಯನಗರ ಜಿಲ್ಲೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಮೂರೇ ವರ್ಷದಲ್ಲಿ ಹೊಸ ಜಿಲ್ಲೆ ಸೇರಿತು.

ಇಲ್ಲಿನ ಶಾಲೆಗಳ ಚರಿತ್ರೆ ಬರೆಯಲು ಕೂತವರು ಕಟ್ಟಡ, ಜಾಗ ಕೊಟ್ಟ ದಾನಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಇವಿಷ್ಟನ್ನು ತಪ್ಪದೆ ದಾಖಲಿಸುತ್ತಾರೆ. ಮಕ್ಕಳನ್ನು ಕಟ್ಟಡದಿಂದ ಹೊರಗೆ ಕರೆದೊಯ್ದು ಕೆರೆ, ಗುಡ್ಡ, ಹೊಲದಲ್ಲಿ ಕಲಿಸಿದ ಸಂಗತಿ ಮಾತ್ರ ವರದಿಯ ಕೊನೆಯ ಪುಟದ ಒಂದು ಸಾಲಿಗೆ ಇಳಿಯುತ್ತದೆ. ಕಾರಣ ಇಷ್ಟೆ: ಈ ಕೆಲಸಕ್ಕೆ ಒಬ್ಬ ಯಜಮಾನನಿಲ್ಲ. ಶಾಲೆ, ಅರಣ್ಯ ಇಲಾಖೆ, ವಿಜ್ಞಾನ ಪರಿಷತ್ತಿನಂಥ ಸಂಘಟನೆ, ಆಯಾ ಊರಿನ ಜನ ಇವರೆಲ್ಲ ಸೇರಿ ಬೆಳೆಸಿದ್ದು ಅದು. ಎಲ್ಲರೂ ಕೈಗೂಡಿಸಿದ ಕಡೆ ಪಾಠ ಬೇರುಬಿಟ್ಟಿದೆ. ಒಬ್ಬರೇ ಎಳೆದ ಕಡೆ ಬ್ಯಾನರ್ ಹಿಡಿದು ತೆಗೆಸಿಕೊಂಡ ಫೋಟೊದೊಂದಿಗೆ ಮುಗಿದಿದೆ.

ಕೈತೋಟದಿಂದ ವಿಜ್ಞಾನ ಸಮಾವೇಶಕ್ಕೆ

ನಿಸರ್ಗವನ್ನು ನೋಡಿ ಕಲಿಯಬೇಕೆಂಬ ಮಾತು ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲ ಶಿಕ್ಷಣದ ಯೋಜನೆ ಕೈಕೆಲಸ, ತೋಟಗಾರಿಕೆಯ ಮೂಲಕವೇ ಉಳಿದ ವಿಷಯಗಳನ್ನು ಕಲಿಸಬೇಕೆಂದಿತು. ಅದೇ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಗೋಡೆಯಾಚೆ ಬೆಳೆಸುವ ಪ್ರಯೋಗ ನಡೆಸುತ್ತಿದ್ದರು. ಅವರ ‘ಬಾಲಪ್ರಪಂಚ’ದ ಸಂಪುಟಗಳು ಬಂದದ್ದೂ ಆಗಲೇ. 1950ರ ಜುಲೈಯಲ್ಲಿ ಕೆ.ಎಂ. ಮುನ್ಷಿಯವರು ವನಮಹೋತ್ಸವ ಆರಂಭಿಸಿದ ಮೇಲೆ ಶಾಲೆಯಂಗಳದಲ್ಲಿ ಸಸಿ ನೆಡುವುದು ದೇಶದ ಎಲ್ಲೆಡೆ ಮಳೆಗಾಲದ ವಾಡಿಕೆಯಾಯಿತು. ನಮ್ಮ ಭಾಗದಲ್ಲಿ ಜುಲೈಯಲ್ಲಿ ನೆಟ್ಟ ಬೇವು, ಹೊಂಗೆ ಮುಂದಿನ ಬೇಸಿಗೆ ದಾಟಿದರೆ ಅದು ಆ ಶಾಲೆಯ ಜವಾನನ ಪುಣ್ಯ.

ವರ್ಷಕ್ಕೊಮ್ಮೆಯ ಶೈಕ್ಷಣಿಕ ಪ್ರವಾಸ ಇನ್ನೊಂದು ವಾಡಿಕೆ. ಹಂಪಿ, ತುಂಗಭದ್ರಾ ಅಣೆಕಟ್ಟು ಒಂದು ದಿನದ ದಾರಿ. ಕೈಯಲ್ಲಿ ಕಾಸಿದ್ದವರಿಗೆ ಜೋಗ, ಮೈಸೂರು. ರಾತ್ರಿಯಿಡೀ ಬಸ್ಸು, ಹಾಡು, ಅಂತ್ಯಾಕ್ಷರಿ, ಗಂಟಿನಲ್ಲಿ ಕಟ್ಟಿಕೊಂಡ ಚಪಾತಿ, ಶೇಂಗಾ ಚಟ್ನಿ, ಮಂಡಕ್ಕಿ. ಮಕ್ಕಳ ನೆನಪಿನಲ್ಲಿ ಅದು ಹಬ್ಬ, ಹಬ್ಬವಾಗಿಯೇ ಉಳಿಯಬೇಕು ಕೂಡ. ಆದರೆ ದಿನಕ್ಕೆ ಐದು ಸ್ಥಳ ಮುಗಿಸುವ ಅವಸರದಲ್ಲಿ ಮಗು ಯಾವುದನ್ನೂ ನಿಂತು ನೋಡುವುದಿಲ್ಲ. ಹಣ ಕಟ್ಟಲಾರದ ಮನೆಯ ಮಗು ಊರಲ್ಲೇ ಉಳಿಯುತ್ತದೆ.

ನಿಂತು ನೋಡುವ ಕಲೆಯನ್ನು ಹಳ್ಳಿಯ ಶಾಲೆಗೆ ತಂದುಕೊಟ್ಟವರಲ್ಲಿ 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮುಖ್ಯವಾದುದು. ಪರಿಷತ್ತಿನ ‘ಬಾಲವಿಜ್ಞಾನ’ ಮಾಸಪತ್ರಿಕೆ ವಿಜ್ಞಾನದ ಮೇಷ್ಟ್ರುಗಳ ಕೈಗೆ ಪಠ್ಯಪುಸ್ತಕದಾಚೆಯ ಸರಕನ್ನು ಕೊಟ್ಟಿತು. 1993ರಿಂದ ರಾಷ್ಟ್ರಮಟ್ಟದಲ್ಲಿ ನಡೆಯುತ್ತಿರುವ ಮಕ್ಕಳ ವಿಜ್ಞಾನ ಸಮಾವೇಶವನ್ನು ರಾಜ್ಯದಲ್ಲಿ ನಡೆಸುವ ಹೊಣೆಯೂ ಪರಿಷತ್ತಿನದಾಯಿತು. ಈ ಸಮಾವೇಶದ ಕ್ರಮ ಸರಳ: ಹತ್ತರಿಂದ ಹದಿನೇಳರ ವಯಸ್ಸಿನ ಮಕ್ಕಳ ಪುಟ್ಟ ತಂಡ, ಜೊತೆಗೊಬ್ಬ ಮಾರ್ಗದರ್ಶಿ ಶಿಕ್ಷಕ, ತಮ್ಮೂರಿನದೇ ಒಂದು ಸಮಸ್ಯೆ. ಕೊಳವೆಬಾವಿಯ ನೀರು, ಓಣಿಯ ಕಸ, ಕೆರೆಯ ಹೂಳು, ಹೊಲದ ಕೀಟ ಯಾವುದಾದರೂ ಆದೀತು. ಮನೆಮನೆಗೆ ಹೋಗಿ ಕೇಳಬೇಕು, ಅಳೆಯಬೇಕು, ಕೋಷ್ಟಕ ಮಾಡಬೇಕು, ಗೊತ್ತಿಲ್ಲದವರ ಮುಂದೆ ನಿಂತು ಹೇಳಬೇಕು. ಮೊದಲು ತಾಲ್ಲೂಕು, ಆಮೇಲೆ ಜಿಲ್ಲೆ. ಹರಪನಹಳ್ಳಿಯ ಮಕ್ಕಳಿಗೆ 1997ರಿಂದ 2018ರವರೆಗಿನ ಇಪ್ಪತ್ತೊಂದು ವರ್ಷ ಜಿಲ್ಲೆಯೆಂದರೆ ದಾವಣಗೆರೆ. ಪಕ್ಕದ ಹಡಗಲಿಯ ಮಕ್ಕಳಿಗೆ ಬಳ್ಳಾರಿ. ಒಂದೇ ಸೀಮೆಯ, ಒಂದೇ ಬೆಳೆಯ, ಒಂದೇ ಬರದ ಮಕ್ಕಳು ತಮ್ಮ ಲೆಕ್ಕಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ಹೋಲಿಸುವ ಅವಕಾಶ 2018ರ ನಂತರವೇ ಮತ್ತೆ ಕೂಡಿಬಂದದ್ದು.

ಕಾನೂನೂ ಒತ್ತಾಸೆಯಾಯಿತು. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1991ರ ನವೆಂಬರಿನಲ್ಲಿ ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡಬೇಕೆಂದಿತು. 2003ರ ಡಿಸೆಂಬರಿನಲ್ಲಿ ಮತ್ತೆ ಎಚ್ಚರಿಸಿ ರಾಜ್ಯಗಳನ್ನೆಲ್ಲ ಅದಕ್ಕೆ ಕಟ್ಟಿಹಾಕಿತು. ಕೇಂದ್ರ ಪರಿಸರ ಸಚಿವಾಲಯ 2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆಯನ್ನು ಕಟ್ಟಿ ಶಾಲೆಗಳಲ್ಲಿ ಇಕೋ ಕ್ಲಬ್ಬುಗಳನ್ನು ಹುಟ್ಟುಹಾಕಿತು. ಕ್ಲಬ್ಬಿಗೆ ವರ್ಷಕ್ಕೆ ಬರುತ್ತಿದ್ದ ಅನುದಾನ ಒಂದು ಕಾಲಕ್ಕೆ 2,500 ರೂಪಾಯಿ, ಆಮೇಲೆ 5,000. ಒಂದು ಬಸ್ಸಿನ ಬಾಡಿಗೆಗೂ ಸಾಲದ ಈ ಹಣ ಒಂದು ದೃಷ್ಟಿಯಿಂದ ಒಳ್ಳೆಯದನ್ನೇ ಮಾಡಿತು: ದೂರ ಹೋಗಲಾಗದ ಕ್ಲಬ್ಬು ಊರ ಸುತ್ತಲೇ ಕಣ್ಣು ಹಾಯಿಸಬೇಕಾಯಿತು. ಹಾಯಿಸಿದಾಗ ಕಂಡದ್ದು ಸಾಮಾನ್ಯದ್ದಲ್ಲ.

ಅಂಕಸಮುದ್ರದ ಏರಿಯ ಮೇಲೆ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಹೊಲಕ್ಕೆ ನೀರುಣಿಸಲೆಂದು ಜನ ಕಟ್ಟಿದ ಕೆರೆ. ವಿಸ್ತೀರ್ಣ 98.76 ಹೆಕ್ಟೇರು, ಅಂದರೆ 244 ಎಕರೆ. ಕೆರೆಯಂಗಳದ ತುಂಬ ಕರಿಜಾಲಿ ಮರ. ನೀರು ಏರಿದಾಗ ಮರಗಳ ಬುಡ ಮುಳುಗಿ, ತಲೆಗಳು ಮಾತ್ರ ನಡುಗಡ್ಡೆಗಳಂತೆ ಮೇಲೇಳುತ್ತವೆ. ಮುಳ್ಳು, ಸುತ್ತ ನೀರು, ನಾಯಿ ನರಿ ಹತ್ತಿರ ಸುಳಿಯುವಂತಿಲ್ಲ. ಹಕ್ಕಿಗಳಿಗೆ ಇದಕ್ಕಿಂತ ಸುಭದ್ರ ಬಾಣಂತಿಕೋಣೆ ಇನ್ನೆಲ್ಲಿ? ತುಂಗಭದ್ರಾ ಜಲಾಶಯದ ಹಿನ್ನೀರು ಇದೇ ತಾಲ್ಲೂಕಿನ ಅಂಚಿಗೆ ಚಾಚಿಕೊಂಡಿರುವುದರಿಂದ ಮರಿಗಳಿಗೆ ಮೀನಿನ ಕೊರತೆಯೂ ಇಲ್ಲ.

ಹಗರಿಬೊಮ್ಮನಹಳ್ಳಿಯ ಪರಿಸರಾಸಕ್ತ ಯುವಕರು, ಹಕ್ಕಿ ಛಾಯಾಗ್ರಾಹಕರು ವರ್ಷಗಟ್ಟಲೆ ಇಲ್ಲಿನ ಹಕ್ಕಿಗಳನ್ನು ಗುರುತಿಸಿ ಪಟ್ಟಿಮಾಡಿದರು, ಇಲಾಖೆಯ ಗಮನಕ್ಕೆ ತಂದರು. 2017ರಲ್ಲಿ ಸರ್ಕಾರ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯಿಂದ ಬಂದ ವರ್ಗ ಇದು. ಅಭಯಾರಣ್ಯದ ಕಟ್ಟುನಿಟ್ಟು ಇದಕ್ಕಿಲ್ಲ. ಸರ್ಕಾರದ ಒಡೆತನದ ಜಾಗವನ್ನು ಸ್ಥಳೀಯರೊಡನೆ ಸಮಾಲೋಚಿಸಿಯೇ ಘೋಷಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ಇರಬೇಕು. ಶಾಲಾ ಮಕ್ಕಳ ಮಟ್ಟಿಗೆ ಇದು ದೊಡ್ಡ ಅನುಕೂಲ. ಊರವರದೇ ಆಗಿ ಉಳಿದ ಕೆರೆಯ ಏರಿಗೆ ಬರುವುದೆಂದರೆ ಪರರ ಬಾಗಿಲಲ್ಲಿ ನಿಂತು ಅಪ್ಪಣೆ ಬೇಡಿದಂತಲ್ಲ.

2024ರ ಜನವರಿ 31ರಂದು, ವಿಶ್ವ ಜೌಗುಭೂಮಿ ದಿನದ ಮುನ್ನಾ ದಿನಗಳಲ್ಲಿ, ಅಂಕಸಮುದ್ರ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿ ಸೇರಿದ ಸುದ್ದಿ ಬಂತು. ಅದರೊಂದಿಗೆ ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ತಮಿಳುನಾಡಿನ ಎರಡು ತಾಣಗಳೂ ಸೇರಿ ದೇಶದ ರಾಮ್ಸರ್ ತಾಣಗಳ ಸಂಖ್ಯೆ 75ರಿಂದ 80ಕ್ಕೆ ಏರಿತು. ಕರ್ನಾಟಕದಲ್ಲಿ ಅದಕ್ಕೆ ಮೊದಲು ರಂಗನತಿಟ್ಟಿಗೆ ಮಾತ್ರ ಆ ಮನ್ನಣೆ ಇತ್ತು. ಅಂಕಸಮುದ್ರದ ಪಟ್ಟಿಯಲ್ಲಿ 210ಕ್ಕೂ ಹೆಚ್ಚು ಬಗೆಯ ಸಸ್ಯ, 240ಕ್ಕೂ ಹೆಚ್ಚು ಬಗೆಯ ಹಕ್ಕಿ, 41 ಬಗೆಯ ಮೀನು, 27 ಬಗೆಯ ಚಿಟ್ಟೆ, 32 ಬಗೆಯ ಏರೋಪ್ಲೇನ್ ಚಿಟ್ಟೆ ಇವೆ. ಮೂವತ್ತು ಸಾವಿರಕ್ಕೂ ಮಿಕ್ಕಿ ನೀರುಹಕ್ಕಿಗಳು ಇಲ್ಲಿ ಗೂಡು ಕಟ್ಟುತ್ತವೆ ಇಲ್ಲವೇ ರಾತ್ರಿ ತಂಗುತ್ತವೆ. ಬಣ್ಣದ ಕೊಕ್ಕರೆ ಮತ್ತು ಕರಿತಲೆ ಕೆಂಬರಲು ಎಂಬ ಎರಡು ಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲು ಈ ಒಂದು ಕೆರೆಯಲ್ಲೇ ಇದೆ.

ಏರಿಯ ಮೇಲೆ ನಿಂತ ಮಗುವಿಗೆ ಈ ಅಂಕಿಗಳು ಬೇಡ. ಅದಕ್ಕೆ ಮೊದಲು ಬಡಿಯುವುದು ವಾಸನೆ: ಹಿಕ್ಕೆ, ಮೀನು, ಹಸಿ ಜಾಲಿ ಎಲ್ಲ ಬೆರೆತದ್ದು. ಮೂಗು ಮುಚ್ಚಿಕೊಂಡವರಿಗೆ ಮೇಷ್ಟ್ರು ಹೇಳಬೇಕಾದ ಮೊದಲ ಪಾಠ ಅಲ್ಲೇ ಇದೆ. ಆ ಹಿಕ್ಕೆ ನೀರಿಗೆ ಬಿದ್ದು ಗೊಬ್ಬರವಾಗುತ್ತದೆ, ಗೊಬ್ಬರದಿಂದ ಪಾಚಿ, ಪಾಚಿಯಿಂದ ಹುಳು, ಹುಳುವಿನಿಂದ ಮೀನು, ಮೀನಿನಿಂದ ಮತ್ತೆ ಹಕ್ಕಿ. ಅದೇ ನೀರು ತೂಬಿನಿಂದ ಹೊಲಕ್ಕೂ ಇಳಿಯುತ್ತದೆ. ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದ ಆಹಾರ ಸರಪಳಿ ಇಲ್ಲಿ ಮೂಗಿನಿಂದ ಹೊಕ್ಕು ತಲೆಗೆ ಏರುತ್ತದೆ.

ಎರಡನೆಯದು ಎಣಿಕೆ. ಸಾವಿರ ಹಕ್ಕಿಯನ್ನು ಒಂದೊಂದಾಗಿ ಎಣಿಸಲಾಗದು. ಹಾಗಾಗಿ ಹತ್ತನ್ನು ಎಣಿಸಿ ಆ ಹತ್ತರ ಗಾತ್ರವನ್ನು ಕಣ್ಣಲ್ಲಿ ಹಿಡಿದುಕೊಂಡು, ಅಂಥ ಗುಂಪು ಎಷ್ಟೆಂದು ಅಂದಾಜು ಮಾಡಬೇಕು. ಕೆರೆಯನ್ನು ನಾಲ್ಕು ಪಾಲು ಮಾಡಿ ನಾಲ್ಕು ತಂಡ ಹಂಚಿಕೊಳ್ಳಬೇಕು. ಒಂದೇ ಪಾಲನ್ನು ಇಬ್ಬರು ಎಣಿಸಿದರೆ ಎರಡು ಲೆಕ್ಕ ಬರುತ್ತದೆ. ಯಾರದು ಸರಿಯೆಂಬ ಜಗಳ ಹುಟ್ಟುತ್ತದೆ. ಸರಾಸರಿ ಏಕೆ ಬೇಕೆಂಬುದು ಗಣಿತದ ತರಗತಿಯಲ್ಲಿ ಅರ್ಥವಾಗದಿದ್ದವನಿಗೂ ಅಲ್ಲಿ ಅರ್ಥವಾಗುತ್ತದೆ. ಬೈನಾಕ್ಯುಲರ್ ಇದ್ದರೆ ಗುಲಾಬಿ ಗರಿಯ ದೊಡ್ಡ ಕೊಕ್ಕರೆಯ ಪಕ್ಕ ಮಾಸಲು ಬಣ್ಣದ ಮರಿ ಕಂಡೀತು. ಎರಡೂ ಒಂದೇ ಜಾತಿಯೆಂದು ನಂಬಲು ಹುಡುಗರು ತಯಾರಿರುವುದಿಲ್ಲ. ಗೂಡಿಗೆ ಯಾರು ಊಟ ತರುತ್ತಾರೆಂದು ಅರ್ಧ ಗಂಟೆ ಕಾದು ನೋಡಿದ ಮೇಲೆ ತಾವೇ ಒಪ್ಪುತ್ತಾರೆ. ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದನ್ನು ಕಂಡು, ಬಾತು ಹಾಗೇಕೆ ಮಾಡುವುದಿಲ್ಲ ಎಂದು ಕೇಳುವ ಹುಡುಗಿ ಒಬ್ಬಳಾದರೂ ಇರುತ್ತಾಳೆ. ಆ ಪ್ರಶ್ನೆ ಹುಟ್ಟಿದರೆ ಹೊರಸಂಚಾರ ಸಾರ್ಥಕ.

ಗುಡೇಕೋಟೆಯ ಬಂಡೆಗಳಲ್ಲಿ

ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಇನ್ನೊಂದು ಬಗೆಯ ಶಾಲೆ. ಒನಕೆ ಓಬವ್ವನ ತವರೆಂದು ಜನ ನಂಬಿರುವ ಈ ಊರಿನ ಸುತ್ತ ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂಥ ಗುಡ್ಡಗಳು. ರಾಮನಗರದಿಂದ ಹಂಪಿಯ ಕಡೆಗೆ ಉದ್ದಕ್ಕೂ ಹಬ್ಬಿದ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ ಇದು. ವಯಸ್ಸು ಸುಮಾರು 250 ಕೋಟಿ ವರ್ಷ. ಬಂಡೆಗಳ ನಡುವಿನ ಗವಿಗಳೇ ಕರಡಿಯ ಮನೆ. ರಾಜ್ಯದ ಮೊದಲ ಕರಡಿಧಾಮ 1994ರಲ್ಲಿ ದರೋಜಿಯಲ್ಲಿ ಆಯಿತು. ಗುಡೇಕೋಟೆಯ ಧಾಮ ಘೋಷಣೆಯಾದದ್ದು 2013ರಲ್ಲಿ. ದರೋಜಿಯಲ್ಲಿ ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಸವರುತ್ತಾರೆ, ಕರಡಿ ಬಂದು ನೆಕ್ಕುವುದನ್ನು ಜನ ಗೋಪುರದಿಂದ ನೋಡುತ್ತಾರೆ.

ಕರಡಿಯ ಪಾಠಕ್ಕೆ ಕರಡಿ ಕಾಣಲೇಬೇಕೆಂದಿಲ್ಲ. ಒಡೆದ ಹುತ್ತ ಸಾಕು, ದಾರಿಯಲ್ಲಿ ಬಿದ್ದ ಲದ್ದಿ ಸಾಕು. ಕಡ್ಡಿಯಿಂದ ಲದ್ದಿಯನ್ನು ಬಿಡಿಸಿದರೆ ಹಣ್ಣಿನ ಕಾಲದಲ್ಲಿ ಬಾರೆ, ಕಾರೆ, ಸೀತಾಫಲದ ಬೀಜ, ಉಳಿದ ಕಾಲದಲ್ಲಿ ಗೆದ್ದಲು, ಇರುವೆಯ ತುಣುಕು. ಬೀಜವನ್ನು ತೊಳೆದು ಶಾಲೆಯ ಪಾತಿಯಲ್ಲಿ ಬಿತ್ತಿ, ಕೈಯಿಂದ ಬಿಡಿಸಿದ ಬೀಜವನ್ನು ಪಕ್ಕದ ಪಾತಿಯಲ್ಲಿ ಬಿತ್ತಿದರೆ ಯಾವುದು ಮೊದಲು ಮೊಳೆಯುತ್ತದೆ? ವಿಜ್ಞಾನ ಸಮಾವೇಶಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಯೋಜನೆ ಬೇಕಿಲ್ಲ.

ಈ ಪಾಠಕ್ಕೆ ಇನ್ನೊಂದು ಮಗ್ಗುಲಿದೆ. ಕರಡಿ ಇಲ್ಲಿ ಚಿತ್ರಪಟದ ಪ್ರಾಣಿಯಲ್ಲ. ಶೇಂಗಾ, ಮೆಕ್ಕೆಜೋಳದ ಹೊಲಕ್ಕೆ ಇಳಿಯುವ, ನಸುಕಿನಲ್ಲಿ ಎದುರಾದ ರೈತನ ಮುಖ ಪರಚಿದ ಪ್ರಾಣಿ. ಧಾಮದಂಚಿನ ಹಳ್ಳಿಯ ತರಗತಿಯಲ್ಲಿ ಅಂಥ ಮನೆಯ ಮಗು ಕೂತಿರುತ್ತದೆ. ಅದರ ಮುಂದೆ ‘ಕರಡಿಯನ್ನು ಪ್ರೀತಿಸಿ’ ಎಂದು ಭಾಷಣ ಬಿಗಿಯುವುದು ಸುಲಭ, ಪ್ರಯೋಜನ ಕಡಿಮೆ. ನಸುಕು, ಮುಸ್ಸಂಜೆಯಲ್ಲಿ ಒಬ್ಬರೇ ಹೋಗಬಾರದು, ಗುಂಪಾಗಿ ಮಾತಾಡುತ್ತ ನಡೆಯಬೇಕು, ಮರಿಯಿರುವ ತಾಯಿಯ ಹತ್ತಿರ ಸುಳಿಯಬಾರದು, ಬೆಳೆಹಾನಿಗೆ ಪರಿಹಾರದ ಅರ್ಜಿ ಎಲ್ಲಿ ಕೊಡಬೇಕು ಇವನ್ನು ಅರಣ್ಯ ಇಲಾಖೆಯ ಗಾರ್ಡು ಹೇಳಿದಾಗ ಮಕ್ಕಳು ಕಿವಿಗೊಡುತ್ತಾರೆ, ಸಂಜೆ ಮನೆಯಲ್ಲಿ ಅಪ್ಪನಿಗೂ ಹೇಳುತ್ತಾರೆ.

ಚಿಣ್ಣರ ವನದರ್ಶನ

ಇಲಾಖೆ ಮತ್ತು ಶಾಲೆಯನ್ನು ಅಧಿಕೃತವಾಗಿ ಬೆಸೆದದ್ದು ‘ಚಿಣ್ಣರ ವನದರ್ಶನ’. ಸರ್ಕಾರಿ ಶಾಲೆಯ, ಅದರಲ್ಲೂ ಕಾಡಿನಂಚಿನ ಊರುಗಳ ಮಕ್ಕಳನ್ನು ಇಲಾಖೆಯೇ ತನ್ನ ಖರ್ಚಿನಲ್ಲಿ ಕಾಡಿಗೆ ಕರೆದೊಯ್ಯುವ ಈ ಕಾರ್ಯಕ್ರಮದಿಂದ ಹಣದ ಅಡ್ಡಿ ಒಂದೇಟಿಗೆ ತಪ್ಪಿತು. ಬೆಳಿಗ್ಗೆ ಕಾಡುದಾರಿಯ ನಡಿಗೆ, ನಡುವೆ ಗಿಡ, ಹಕ್ಕಿ, ಹೆಜ್ಜೆಗುರುತುಗಳ ಪರಿಚಯ, ಮಧ್ಯಾಹ್ನ ನೆರಳಿನಲ್ಲಿ ಸಹಭೋಜನ, ಆಮೇಲೆ ಮಾತುಕತೆ, ಚಿತ್ರ ಬಿಡಿಸುವುದು. ಕಾಡಿನ ಬೆಂಕಿ ಹೇಗೆ ಹತ್ತುತ್ತದೆ, ಬೆಂಕಿರೇಖೆ ಏಕೆ ಹೊಡೆಯುತ್ತಾರೆ ಎಂಬುದನ್ನು ಬೆಂಕಿಯ ಜೊತೆ ಸೆಣಸಿದ ವಾಚರೇ ಹೇಳುತ್ತಾನೆ. ‘ಫಾರೆಸ್ಟಿನವರು’ ಎಂದರೆ ಸೌದೆ ಕಸಿದುಕೊಳ್ಳುವವರು, ಕುರಿ ಅಟ್ಟುವವರು ಎಂದಷ್ಟೇ ತಿಳಿದಿದ್ದ ಮನೆಯ ಮಕ್ಕಳು ಅದೇ ಖಾಕಿಯ ಜೊತೆ ಕೂತು ಉಣ್ಣುತ್ತಾರೆ. ಕಾರ್ಯಕ್ರಮದ ವರದಿಗಳಲ್ಲಿ ಕಾಣದ ಈ ಲಾಭವೇ ದೊಡ್ಡದು.

ಕೊರತೆಯನ್ನೂ ಹೇಳಬೇಕು. ಆಯ್ಕೆಯಾದ ಶಾಲೆಯ ಆಯ್ದ ಮಕ್ಕಳಿಗೆ ವರ್ಷಕ್ಕೊಮ್ಮೆ ಸಿಗುವ ಒಂದೆರಡು ದಿನ ಅದು. ಶಾಲೆಗೆ ಮರಳಿದ ಮೇಲೆ ಆ ಅನುಭವವನ್ನು ಪಾಠಕ್ಕೆ ಜೋಡಿಸುವ ಕೆಲಸ ಶಿಕ್ಷಕರ ಉತ್ಸಾಹಕ್ಕೆ ಬಿಟ್ಟದ್ದು. ಮೇಷ್ಟ್ರಿಗೆ ವರ್ಗವಾದರೆ ಕ್ಲಬ್ಬೂ ವರ್ಗವಾದಂತೆ.

ಪ್ರವಾಸಗಳ ಮೇಲಿನ ನಿಯಮಗಳು ಈಚೆಗೆ ಬಿಗಿಯಾಗಿವೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತ ಮೇಲೆ ಯಾವ ಮುಖ್ಯ ಶಿಕ್ಷಕರೂ ನೀರಿನ ಹೆಸರು ಕೇಳಿದರೆ ಎರಡು ಸಲ ಯೋಚಿಸುತ್ತಾರೆ. ಯೋಚಿಸಲೇಬೇಕು. ಮೇಲಧಿಕಾರಿಗಳ ಅನುಮತಿ, ಪೋಷಕರ ಒಪ್ಪಿಗೆಪತ್ರ, ಹೆಣ್ಣುಮಕ್ಕಳ ಜೊತೆ ಶಿಕ್ಷಕಿ, ಏರಿಯಿಂದ ಕೆಳಗಿಳಿಯದಂತೆ ಕಾವಲು ಇವು ಯಾವುವೂ ಹೆಚ್ಚಿನವಲ್ಲ. ಆದರೆ ಭಯಪಟ್ಟು ಗೇಟು ಹಾಕಿಕೊಂಡರೆ ನೀರಿನ ಹತ್ತಿರ ಹೇಗಿರಬೇಕೆಂಬುದನ್ನು ಮಗು ಯಾರಿಂದಲೂ ಕಲಿಯದೆ, ರಜೆಯಲ್ಲಿ ಒಂಟಿಯಾಗಿ ಅದೇ ಕೆರೆಗೆ ಇಳಿಯುತ್ತದೆ.

ಉಳಿದ ಮೂರು ತಾಲ್ಲೂಕು

ಹಡಗಲಿ, ಹರಪನಹಳ್ಳಿ, ಕೊಟ್ಟೂರಿಗೆ ರಾಮ್ಸರ್ ಕೆರೆಯೂ ಇಲ್ಲ, ಕರಡಿಧಾಮವೂ ಇಲ್ಲ. ಹಾಗೆಂದು ಅವಕ್ಕೆ ಬಯಲು ಪಾಠದ ಬಡತನವಿಲ್ಲ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಮೊಗ್ಗನ್ನು ಅರಳುವ ಮೊದಲೇ, ನಸುಕಿನಲ್ಲೇ ಬಿಡಿಸುವುದೇಕೆ, ಹೂವಿಗೆ ಸಂಜೆಯೇ ಏಕೆ ಘಮ, ಅದನ್ನರಸಿ ಬರುವ ಪತಂಗ ಯಾವುದು ಎಂದು ಕೇಳುತ್ತ ಹೋದರೆ ಸಸ್ಯಶಾಸ್ತ್ರದ ಒಂದು ಅಧ್ಯಾಯ ತೋಟದಲ್ಲೇ ಮುಗಿಯುತ್ತದೆ. ಅದೇ ತಾಲ್ಲೂಕನ್ನು ಸವರಿ ಹರಿಯುವ ತುಂಗಭದ್ರೆಯ ಮುಂದಿನ ಹರಿವಿನಲ್ಲಿ, ಮುದ್ಲಾಪುರದಿಂದ ಕಂಪ್ಲಿಯವರೆಗೆ, 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಆಗಿದೆ. ಹರಪನಹಳ್ಳಿಯ ಮಕ್ಕಳಿಗೆ ಉಚ್ಚಂಗಿದುರ್ಗದ ಬೆಟ್ಟವಿದೆ, ಬಾಗಳಿಯ ಕಲ್ಲೇಶ್ವರ ದೇಗುಲದ ಶಾಸನಗಳಿವೆ. ಸಾವಿರ ವರ್ಷದ ಹಿಂದೆ ಈ ಒಣಸೀಮೆಯಲ್ಲಿ ಜನ ಹೇಗೆ ಬಾಳಿದರೆಂಬ ಪ್ರಶ್ನೆ ಇತಿಹಾಸದ ಪಾಠವೂ ಹೌದು, ಪರಿಸರದ ಪಾಠವೂ ಹೌದು. ಕೊಟ್ಟೂರಿನ ಸುತ್ತ ಮಳೆಯನ್ನೇ ನಂಬಿದ ಹೊಲಗಳಿವೆ. ಬದುವಿನ ಮೇಲಿನ ಬೇವಿನ ಮರವೊಂದನ್ನು ಜೂನಿನಿಂದ ಮಾರ್ಚಿನವರೆಗೆ ತಿಂಗಳಿಗೊಮ್ಮೆ ನೋಡಿ, ಚಿಗುರು, ಹೂವು, ಕಾಯಿ, ಗೂಡು ಬರೆದಿಟ್ಟರೆ ಅದೂ ಸಂಶೋಧನೆಯೇ.

ಮುಂದಿನ ಪುಟ

ಈ ಚರಿತ್ರೆಯಿಂದ ಒಂದು ತೀರ್ಮಾನ ತಾನಾಗಿ ಬರುತ್ತದೆ. ಹತ್ತು ಸ್ಥಳಗಳನ್ನು ಒಂದು ಸಲ ನೋಡಿದ ಮಗುವಿಗಿಂತ ಒಂದು ಸ್ಥಳವನ್ನು ನಾಲ್ಕು ಸಲ ನೋಡಿದ ಮಗು ಹೆಚ್ಚು ಕಲಿಯುತ್ತದೆ. ಮುಂಗಾರಿಗೆ ಮೊದಲು ಬಿರಿದ ಕೆರೆಯಂಗಳ, ನೀರು ಬಂದ ಹೊಸತು, ಗೂಡಿನ ಕಾಲ, ಮರಿ ಹಾರಿದ ಮೇಲೆ; ನಾಲ್ಕು ಭೇಟಿಗೆ ನಾಲ್ಕು ಪುಟ. ಕೆರೆ ತುಂಬದ ವರ್ಷ ಗೂಡೂ ಕಡಿಮೆ ಎಂಬುದನ್ನು ಎರಡು ವರ್ಷದ ಪುಟಗಳನ್ನು ಅಕ್ಕಪಕ್ಕ ಇಟ್ಟ ಮಕ್ಕಳೇ ಕಂಡುಹಿಡಿಯುತ್ತಾರೆ.

ಇದಕ್ಕೆ ಹೊಸ ಯೋಜನೆಯಾಗಲಿ, ಹೊಸ ಅನುದಾನವಾಗಲಿ ಬೇಕಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗಿಲ್ಲದ ಶಾಲೆ ಎಂದಿದೆ. ನಮ್ಮ ರಾಜ್ಯದಲ್ಲಿ ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’. ಬೇಕಾದದ್ದು ಒಂದು ದಪ್ಪ ರಿಜಿಸ್ಟರು, ಅದನ್ನು ಮೇಷ್ಟ್ರು ಬದಲಾದರೂ ಬದಲಾಗದಂತೆ ಶಾಲೆಯ ಆಸ್ತಿಯಾಗಿ ಕಾಪಾಡುವ ಎಸ್‌ಡಿಎಂಸಿ. ಐದು ತಾಲ್ಲೂಕಿನ ಮುಖ್ಯ ಶಿಕ್ಷಕರಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ ಈ ಸಂಚಿಕೆಯ ಮೂಲಕ ಕೋರುವುದು ಇಷ್ಟೆ: ನಿಮ್ಮ ಶಾಲೆಯಿಂದ ನಡೆದು ಹೋಗಬಹುದಾದ ಒಂದು ಕೆರೆಯನ್ನೋ ಗುಡ್ಡವನ್ನೋ ಗೊತ್ತುಮಾಡಿ, ಬರುವ ಸಂಭ್ರಮ ಶನಿವಾರವೇ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ರಿಜಿಸ್ಟರಿನ ಮೊದಲ ಪುಟವನ್ನು ಅವರ ಕೈಯಿಂದಲೇ ಬರೆಸಿ.